ಚಿತ್ರದ ಸಾಕ್ಷ್ಯ: ಸೊಂಟದ ನಾಳಸಂಕೋಚದ ನಿರ್ಣಯವನ್ನು ಕುರಿತು ಒಂದು ಐತಿಹಾಸಿಕ ವಿಮರ್ಶೆ

ವೈದ್ಯಶಾಸ್ತ್ರದ ಇತಿಹಾಸವನ್ನು ಯಂತ್ರಗಳ ವಂಶಾವಳಿಯಂತೆ ನಿರೂಪಿಸುವ ಪದ್ಧತಿ ರೂಢವಾಗಿದೆ. ೧೮೯೫ರಲ್ಲಿ ರಂಟ್‌ಜೆನ್ನರು ಕ್ಷ-ಕಿರಣವನ್ನು ಕಂಡುಹಿಡಿದರು. ೧೯೭೧ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ೧೯೭೩ರಲ್ಲಿ ಲಾಟರ್‌ಬರ್ ಅವರು ಕಾಂತೀಯ ಅನುರಣನದಿಂದ ಚಿತ್ರವನ್ನು ಪಡೆಯುವ ಮಾರ್ಗವನ್ನು ಪ್ರಕಟಿಸಿದರು. ಒಂದೊಂದು ಯಂತ್ರವೂ ಹಿಂದಿನದಕ್ಕಿಂತ ಹೆಚ್ಚು ಕಂಡಿತು, ಆದುದರಿಂದ ವೈದ್ಯನೂ ಹೆಚ್ಚು ಅರಿತನು ಎಂಬುದು ಈ ನಿರೂಪಣೆಯ ತಿರುಳು. ಸೊಂಟದ ಭಾಗದಲ್ಲಿ ಬೆನ್ನೆಲುಬಿನ ನಾಳವು ಕಿರಿದಾಗುವ ವ್ಯಾಧಿಯ ಇತಿಹಾಸವನ್ನು ಪರಿಶೀಲಿಸಿದರೆ, ಈ ಮಾತಿನ ಪೂರ್ವಾರ್ಧವನ್ನು ಒಪ್ಪಬಹುದಾದರೂ ಉತ್ತರಾರ್ಧವನ್ನು ಹಾಗೆಯೇ ಒಪ್ಪುವುದು ಕಷ್ಟವೆಂದು ತೋರುತ್ತದೆ.

ವ್ಯಾಧಿಯ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ವಯಸ್ಕರಲ್ಲಿ ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ ಮೊದಲ ಎರಡು ಕಶೇರುಗಳ ಮಟ್ಟದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನಾಳದೊಳಗೆ ಇರತಕ್ಕದ್ದು ಕಾಲುಗಳಿಗೂ ಮೂತ್ರಕೋಶಕ್ಕೂ ಹೋಗುವ ನರಮೂಲಗಳ ಗುಚ್ಛ. ಕೆಲವರಲ್ಲಿ ಈ ನಾಳವು ಬೆಳವಣಿಗೆಯಿಂದಲೇ ಕಿರಿದಾಗಿರುತ್ತದೆ. ಹಲವರಲ್ಲಿ ವಯಸ್ಸಾದಂತೆ ಕೀಲುಗಳು ದಪ್ಪವಾಗಿ, ಬಂಧಕತಂತುಗಳು ಉಬ್ಬಿ, ಡಿಸ್ಕೆಂದು ಕರೆಯುವ ಚಕ್ರಿಕೆಯು ಹಿಂದಕ್ಕೆ ಚಾಚಿ ಕಿರಿದಾಗುತ್ತದೆ. ರೋಗಿಯು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲುಗಳು ನೋಯುತ್ತವೆ, ಜೋಮು ಹಿಡಿಯುತ್ತವೆ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ನೋವು ಇಳಿಯುತ್ತದೆ.

೧೯೨೧-೨೨ರ ವೇಳೆಗೆ ಫ್ರಾನ್ಸಿನ ಸಿಕಾರ್ ಮತ್ತು ಫೊರೆಸ್ಟಿಯೇ ಎಂಬ ವೈದ್ಯರು ಲಿಪಿಯೊಡಾಲ್ ಎಂಬ ಅಯೋಡಿನ್‌ಯುಕ್ತ ತೈಲವನ್ನು ನಾಳದೊಳಕ್ಕೆ ಸೇರಿಸಿ ಕ್ಷ-ಕಿರಣ ಚಿತ್ರವನ್ನು ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ಎಲ್ಲಿ ತೈಲ ಮುಂದೆ ಹರಿಯದೆ ನಿಲ್ಲುವುದೋ ಅಲ್ಲಿ ಅಡ್ಡಿಯಿದೆ ಎಂದು ತಿಳಿಯುತ್ತಿತ್ತು. ಆದರೆ ಅಡ್ಡಿ ಯಾವುದರದು? ಇದನ್ನು ಚಿತ್ರವು ತಾನಾಗಿ ಹೇಳುತ್ತಿರಲಿಲ್ಲ. ೧೯೩೪ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಅವರು ಒಡೆದ ಚಕ್ರಿಕೆಯು ನರವನ್ನು ಒತ್ತುವುದನ್ನು ಪ್ರತಿಪಾದಿಸಿದ ಮೇಲೆ ಕಾಲಿಗಿಳಿಯುವ ನೋವಿಗೆಲ್ಲ ಚಕ್ರಿಕೆಯನ್ನೇ ಹೊಣೆಯಾಗಿಸುವ ಒಲವು ಬಲವಾಯಿತು.

ಹೀಗಿರಲಾಗಿ, ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ನರಶಸ್ತ್ರವೈದ್ಯರಾದ ಹೆಂಕ್ ವರ್‌ಬೀಸ್ಟ್ ಅವರು ೧೯೫೪ರಲ್ಲಿ ಪ್ರಕಟಿಸಿದ ಲೇಖನವು ವಿಶೇಷವಾಗಿ ಪರಿಶೀಲನಾರ್ಹ. ಅವರ ಕೈಯಲ್ಲಿದ್ದ ಸಾಧನ ಹಿಂದಿನವರಲ್ಲಿದ್ದಂಥದೇ. ಆ ಲೇಖನದ ಬಲವಿರುವುದು ರೋಗಿಯ ವೃತ್ತಾಂತವನ್ನು ಕೇಳಿದ ಬಗೆಯಲ್ಲಿ: ನಡೆದಾಗ, ನಿಂತಾಗ ಬರುವ ನೋವು ಮಲಗಿದೊಡನೆ ಹೋಗುವುದನ್ನು ಅವರು ಪ್ರಧಾನವಾಗಿ ಗ್ರಹಿಸಿದರು. ಈ ವೃತ್ತಾಂತ, ಚಿತ್ರದಲ್ಲಿ ಕಂಡ ತಡೆ, ಶಸ್ತ್ರಕ್ರಿಯೆಯಲ್ಲಿ ಕಂಡ ಎಲುಬಿನ ಇಕ್ಕಟ್ಟು, ಈ ಮೂರನ್ನೂ ಒಂದರೊಡನೊಂದು ತಾಳೆನೋಡಿ ಅವರು ನಿರ್ಣಯಕ್ಕೆ ಬಂದರು. ವ್ಯಾಧಿಗೆ ಹೆಸರು ದೊರೆತುದು ಈ ತಾಳೆಯಿಂದ, ಸಿ.ಟಿ. ಯಂತ್ರ ಹುಟ್ಟುವುದಕ್ಕೆ ಹದಿನೇಳು ವರ್ಷ ಮೊದಲೇ ಎಂಬುದು ಲಕ್ಷಿಸತಕ್ಕ ಅಂಶ.

ಮುಂದೆ ಅಳತೆಯ ಯುಗ ಬಂದಿತು. ನಾಳದ ಹಿಂದುಮುಂದಿನ ವ್ಯಾಸವು ೧೦ ಮಿಲಿಮೀಟರಿಗಿಂತ ಕಡಿಮೆಯಾದರೆ ಪೂರ್ಣ ಸಂಕೋಚ, ೧೦ರಿಂದ ೧೨ರವರೆಗೆ ಸಾಪೇಕ್ಷ ಸಂಕೋಚ ಎಂಬ ವಿಭಾಗವೂ ವರ್‌ಬೀಸ್ಟರದೇ. ಸಿ.ಟಿ.ಯು ನಾಳದ ಅಡ್ಡಕೊಯ್ತವನ್ನು ತೋರಿತು, ಎಂ.ಆರ್.ಐ.ಯು ಮೃದುಭಾಗಗಳನ್ನೂ ನರಮೂಲಗಳನ್ನೂ ತೋರಿತು. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ೧೯೯೦ರಲ್ಲಿ ಅಮೆರಿಕದ ಬೋಡನ್ ಮತ್ತು ಸಂಗಡಿಗರು ಎಂದೂ ಬೆನ್ನುನೋವನ್ನು ಅರಿಯದ ೬೭ ಮಂದಿಯನ್ನು ಎಂ.ಆರ್.ಐ.ಯಿಂದ ಪರೀಕ್ಷಿಸಿದಾಗ, ಅರವತ್ತು ತುಂಬಿದವರಲ್ಲಿ ಶೇಕಡ ೨೧ರಷ್ಟು ಜನರಲ್ಲಿ ನಾಳಸಂಕೋಚ ಕಂಡುಬಂದಿತು. ಆ ಗುಂಪು ಚಿಕ್ಕದೆಂದು ಆಕ್ಷೇಪಿಸಬಹುದು. ಜಪಾನಿನ ವಕಯಾಮ ಪ್ರಾಂತದಲ್ಲಿ ೯೩೮ ಮಂದಿಯನ್ನು ಕುರಿತು ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವು ಈ ಆಕ್ಷೇಪಕ್ಕೆ ಸಮಾಧಾನವನ್ನು ಕೊಡುತ್ತದೆ: ನಾಳದ ನಡುಭಾಗದಲ್ಲಿ ತೀವ್ರ ಸಂಕೋಚವಿದ್ದವರ ಪೈಕಿಯೂ ರೋಗಲಕ್ಷಣವಿದ್ದವರು ಶೇಕಡ ೧೭.೫ ಮಾತ್ರ.

ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿರುವುದನ್ನು ಮನಗಾಣಬೇಕು. ನಾಳವು ಕಿರಿದಾಗಿದೆಯೆ ಎಂಬುದು ಒಂದು. ಈ ಮನುಷ್ಯನ ನೋವಿಗೆ ಆ ಕಿರಿದೇ ಕಾರಣವೆ ಎಂಬುದು ಇನ್ನೊಂದು. ಚಿತ್ರವು ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ರೋಗಿಯ ನಡಿಗೆ, ಮಾತು, ಪಾದದ ನಾಡಿ ಎಲ್ಲವೂ ಬೇಕು. ಏಕೆಂದರೆ ಕಾಲಿನ ರಕ್ತನಾಳ ಕಟ್ಟಿದರೂ ನಡೆದಾಗ ನೋವು ಬರುತ್ತದೆ, ಆದರೆ ಅದು ಬಾಗದೆ ಸುಮ್ಮನೆ ನಿಂತರೂ ಶಮನವಾಗುತ್ತದೆ. ಇದಲ್ಲದೆ ಬಹುಪಾಲು ಎಂ.ಆರ್.ಐ. ಚಿತ್ರಗಳನ್ನು ರೋಗಿಯನ್ನು ಮಲಗಿಸಿಯೇ ತೆಗೆಯುತ್ತಾರೆ. ನಿಂತಾಗ, ಬೆನ್ನು ಹಿಂದಕ್ಕೆ ಬಾಗಿದಾಗ ನಾಳವು ಮತ್ತಷ್ಟು ಕಿರಿದಾಗುತ್ತದೆ. ನಡೆಯುವಾಗ ಬರುವ ವ್ಯಾಧಿಗೆ ಮಲಗಿದಾಗಿನ ಸಾಕ್ಷ್ಯವನ್ನು ನಾವು ಕೇಳುತ್ತಿದ್ದೇವೆ. ೨೦೧೦ರಲ್ಲಿ ಶಿಝಾಸ್ ಮತ್ತು ಸಂಗಡಿಗರು ಮಿಲಿಮೀಟರನ್ನು ಬಿಟ್ಟು, ನರಮೂಲಗಳೂ ಅವುಗಳ ಸುತ್ತಣ ದ್ರವವೂ ಕಾಣುವ ರೀತಿಯಿಂದಲೇ ಸಂಕೋಚವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದುದು ಕೇವಲ ಅಳತೆಯು ಸಾಲದೆಂಬ ಅರಿವಿನ ಫಲವೆನ್ನಬಹುದು.

ಇದರಿಂದ ಚಿತ್ರವು ವ್ಯರ್ಥವೆಂದು ಯಾರೂ ಭಾವಿಸಬಾರದು. ಮೂತ್ರ ಕಟ್ಟಿದಾಗ, ತೊಡೆಸಂದಿನ ಸ್ಪರ್ಶಜ್ಞಾನ ಹೋದಾಗ ಎಂ.ಆರ್.ಐ.ಗೆ ತಡಮಾಡುವುದು ಅಪಾಯಕರ. ಶಸ್ತ್ರಕ್ರಿಯೆಗೆ ಮುನ್ನ ಇಕ್ಕಟ್ಟಿನ ಸ್ಥಳವನ್ನು ಗೊತ್ತುಮಾಡುವುದಕ್ಕೂ ಅದು ಅನಿವಾರ್ಯ. ಆಕ್ಷೇಪವಿರುವುದು ಚಿತ್ರವನ್ನು ತೀರ್ಪೆಂದು ಓದುವ ಅಭ್ಯಾಸಕ್ಕೆ. ಅದರಿಂದ ನಿರುಪದ್ರವಿಯಾದ ಇಕ್ಕಟ್ಟಿಗಾಗಿ ವೃದ್ಧರೊಬ್ಬರು ಶಸ್ತ್ರಕ್ಕೆ ಗುರಿಯಾಗಬಹುದು. ಅತ್ತ, ವೃತ್ತಾಂತವನ್ನೇ ಕೇಳದೆ ಎಲ್ಲವನ್ನೂ ವಯೋಧರ್ಮವೆಂದು ತಳ್ಳಿಹಾಕಿದರೆ ಗುಣವಾಗಬಹುದಾದವರು ಮನೆಯ ಹೊಸ್ತಿಲೊಳಗೇ ಉಳಿದುಬಿಡಬಹುದು. ಶಾಸನವು ಅಸಲಿಯಾದರೂ ಅದರಿಂದ ಏನು ಸಿದ್ಧವಾಗುತ್ತದೆಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕೆಂದು ನಾವು ಇತಿಹಾಸದ ವಿದ್ಯಾರ್ಥಿಗಳಿಗೆ ಬೋಧಿಸುತ್ತೇವಷ್ಟೆ. ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರೂ ಯಂತ್ರಗಳ ಇಸವಿಗಳೊಡನೆ, ಅವುಗಳ ಚಿತ್ರಗಳನ್ನು ಯಾರು, ಯಾವ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆಂಬುದನ್ನೂ ದಾಖಲಿಸುವುದು ಅವಶ್ಯಕ.