ನೀಲಿಮುದ್ರೆಯೂ ವೀರಗಲ್ಲೂ

ಪ್ರಾಚೀನ ಶಿಲಾಕೃತಿಗಳನ್ನು ಸಯನೊಟೈಪ್ ಎಂಬ ನೀಲಿಮುದ್ರೆಯಲ್ಲಿ ಇಳಿಸುವ ಹವ್ಯಾಸವು ಛಾಯಾಚಿತ್ರಕಲೆಯ ರಸಿಕರಲ್ಲಿ ಮತ್ತೆ ತಲೆದೋರಿದೆ. ಅದರ ಚೆಲುವಿನಲ್ಲಿ ಸಂದೇಹವಿಲ್ಲ. ಚೆಲುವಿನಷ್ಟೇ ಸತ್ಯವೂ ಅದರಲ್ಲಿದೆಯೆ ಎಂಬುದು ವಿಮರ್ಶೆಗೆ ಯೋಗ್ಯವಾದ ವಿಷಯ.

ಇಂಗ್ಲೆಂಡಿನ ಸರ್ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ಕ್ರಮವು ಸರಳವಾದುದು. ಅಮೋನಿಯಂ ಫೆರಿಕ್ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸೈನೈಡ್ ಎಂಬೆರಡು ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು ಒಣಗಿಸಿ, ಮೇಲೆ ಚಿತ್ರದಷ್ಟೇ ಅಳತೆಯ ನೆಗೆಟಿವನ್ನಿರಿಸಿ ಬಿಸಿಲಿಗೊಡ್ಡಬೇಕು. ಬೆಳಕು ತಾಗಿದೆಡೆ ನೀಲಿ ಕಟ್ಟುವುದು. ತಾಗದೆಡೆಯ ಲೇಪವು ನೀರಿನಲ್ಲಿ ತೊಳೆದುಹೋಗಿ ಬಿಳುಪು ಉಳಿಯುವುದು. ಬಹುಕಾಲ ಎಂಜಿನಿಯರರ ನಕ್ಷೆಗಳು ಈ ನೀಲಿಯಲ್ಲಿಯೇ ಇಳಿಯುತ್ತಿದ್ದವು.

ಇದರ ಗುಣದೋಷಗಳನ್ನು ಒರೆಗೆ ಹಚ್ಚಲು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ತಕ್ಕ ನಿದರ್ಶನ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು 2018ರಲ್ಲಿ ನೆಲವನ್ನಗೆಯುವಾಗ ದೊರೆಯಿತು. ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಹೆಬ್ಬಾಳದ ಹಳೆಯ ಹೆಸರಾದ ‘ಪೆರ್ಬೊಳಲ್’ ಎಂಬುದೂ ಇದರಲ್ಲಿದೆ.

ಇಂಥ ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಕೊರೆತಗಳಲ್ಲಿ ನೆರಳು ನಿಲ್ಲುವುದು. ನೀಲಿಮುದ್ರೆಯಲ್ಲಿ ಆ ನೆರಳೇ ಗಾಢ ನೀಲಿಯಾಗಿ, ಬಿಳಿಯ ಹಾಳೆಯ ಮೇಲೆ ಶಾಯಿಯಿಂದ ಬರೆದಂತೆ ಅಕ್ಷರಗಳು ಎದ್ದು ಕಾಣುವುವು. ಶಾಸನಶೋಧಕರು ತೊಯ್ದ ಕಾಗದವನ್ನೊತ್ತಿ ಮಸಿ ಬಡಿದು ತೆಗೆಯುವ ಅಚ್ಚಿನಲ್ಲಿ ಇದಕ್ಕೆ ವಿಪರ್ಯಾಸ: ಅಲ್ಲಿ ಕಪ್ಪಿನ ನಡುವೆ ಅಕ್ಷರಗಳು ಬಿಳಿ. ಮೂರ್ತಿಯ ಉಬ್ಬುತಗ್ಗುಗಳನ್ನು ತೋರುವುದರಲ್ಲಿ ನೀಲಿಮುದ್ರೆಯೇ ಮೇಲು.

ಓದಿನ ಪ್ರಾಮಾಣ್ಯಕ್ಕೆ ಮಾತ್ರ ಅದು ಸಾಲದು. ಬಣ್ಣವು ಕಾಗದದ ನಾರಿನೊಳಗೆ ಇಳಿಯುವುದರಿಂದ ಸೂಕ್ಷ್ಮರೇಖೆಗಳು ಮಸುಳುವುವು. ಕಲ್ಲಿನ ಬಿರುಕಿನ ನೆರಳೂ ಅಕ್ಷರದ ನೆರಳೂ ಒಂದೇ ನೀಲಿ. ಬಿಸಿಲು ಬೇರೆ ಕಡೆಯಿಂದ ಬಂದರೆ ಗೆರೆಯೇ ಅಡಗಬಹುದು. ಅಚ್ಚು ಕಲ್ಲಿನ ಮೈಯನ್ನು ಮುಟ್ಟಿ ಬಂದುದು. ನೀಲಿಮುದ್ರೆಯಾದರೋ ಒಂದು ಗಳಿಗೆಯ ಬೆಳಕಿನ ಸಾಕ್ಷಿ. ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ದಾಖಲಿಸುತ್ತಿರುವುದು ಈ ಕೊರತೆಯನ್ನು ನೀಗಿಸುವ ಮಾರ್ಗ.

ಆದಕಾರಣ ನೀಲಿಮುದ್ರೆಯ ಪ್ರಾಮಾಣ್ಯವೆಲ್ಲ ಅದರ ಹಿಂದಿನ ನೆಗೆಟಿವಿನಲ್ಲಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯಲ್ಲಿ ತೆಗೆದ ಕಾಗದದ ನೆಗೆಟಿವುಗಳಿಗೆ ಇಂದಿಗೂ ಬೆಲೆಯಿರುವುದು ಅವು ಅಂದಿನ ಹಂಪೆಯನ್ನು ಹಾಗೆಯೇ ಹಿಡಿದಿಟ್ಟಿರುವುದರಿಂದ. ನೀಲಿಯ ಚಿತ್ರಗಾರನೂ ಪಟದ ಅಡಿಯಲ್ಲಿ ಸ್ಥಳ, ದಿನ, ಹೊತ್ತು, ಬೆಳಕು ಬಂದ ದಿಕ್ಕು, ಕಲ್ಲಿನ ಅಳತೆ ಇವನ್ನು ಬರೆದಿಡಲಿ. ಇವಿಲ್ಲದ ಪಟವು ಗೋಡೆಯ ಅಲಂಕಾರವಾದೀತೇ ಹೊರತು ದಾಖಲೆಯಾಗದು.

ಬಿ. ಎಲ್. ರೈಸ್ ಅವರು 1905ರ ತಮ್ಮ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಅಚ್ಚು ಮಾಡಿಸಿದ ಕಲ್ಲುಗಳಲ್ಲಿ ಹಲವು ಇಂದು ಹುಡುಕಿದರೂ ಸಿಕ್ಕುವುದಿಲ್ಲ. ಓದು ಉಳಿದಿದೆ, ಕಲ್ಲು ಹೋಗಿದೆ. ಮನೆ, ರಸ್ತೆಗಳು ಒತ್ತಿಬರುತ್ತಿರುವ ಹೆಬ್ಬಾಳ ಯಲಹಂಕಗಳ ಸೀಮೆಯಲ್ಲಿ ಪಟ ತೆಗೆಯಹೋದವರು ಕಲ್ಲಿನ ಸ್ಥಿತಿಯನ್ನೂ ಊರಿನ ಹಿರಿಯರಿಗೆ ತಿಳಿಸಿ ಬಂದರೆ, ಅವರ ಕಲೆಯಿಂದ ನಾಡಿಗಾಗುವ ಉಪಕಾರ ಇಮ್ಮಡಿಯಾದೀತು.