ಹೊಂದದ ಒಂದು ಉಪಮೆ

ಬ್ಯಾಕ್ಟೀರಿಯಗಳು ಜೀನುಗಳನ್ನು ಹಂಚಿಕೊಳ್ಳುವ ಬಗೆಯನ್ನು ಹೇಳುವಾಗ ನಮ್ಮ ವಿಜ್ಞಾನ ಲೇಖಕರು ‘ಮದುವೆ’ಯ ಉಪಮೆಯನ್ನು ತರುವುದುಂಟು. 1946ರಲ್ಲಿ ಲೆಡರ್‌ಬರ್ಗ್ ಮತ್ತು ಟೇಟಮ್ ಈ ಕೂಡಿಕೆಯನ್ನು ತೋರಿಸಿಕೊಟ್ಟ ಮೇಲೆ ಇಂಗ್ಲಿಷಿನಲ್ಲಿಯೂ ಗಂಡು-ಹೆಣ್ಣು ಎಂಬ ಮಾತು ಬಳಕೆಗೆ ಬಂದಿತು. ಉಪಮೆ ಸೊಗಸಾಗಿದೆ, ವಸ್ತುವಿಗೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಕರುಳಿನಲ್ಲಿ ವಾಸಿಸುವ ಎಂಟರೊಕಾಕಸ್ ಫೀಕಾಲಿಸನ್ನು ನೋಡಿ. ಪ್ಲಾಸ್ಮಿಡ್ ಇಲ್ಲದ ಕೋಶ ಚಿಕ್ಕದೊಂದು ಪೆಪ್ಟೈಡನ್ನು ಹೊರಸೂಸುತ್ತದೆ. ಪ್ಲಾಸ್ಮಿಡ್ ಉಳ್ಳದ್ದು ಅದನ್ನರಿತು ಮೈಮೇಲೆ ಅಂಟುವ ಪ್ರೋಟೀನನ್ನು ತಳೆಯುತ್ತದೆ. ಕೋಶಗಳು ಗೊಂಚಲುಗಟ್ಟುತ್ತವೆ, ಪ್ಲಾಸ್ಮಿಡ್ಡಿನ ಒಂದು ಪ್ರತಿ ಆಚೆಗೆ ದಾಟುತ್ತದೆ. ಸಂತಾನವೆಂಬುದಿಲ್ಲ: ಕೂಡಿದ್ದು ಎರಡು, ಅಗಲಿದ್ದೂ ಎರಡೇ. ಕೊಟ್ಟದ್ದು ಬರಿದಾಗದು, ಪಡೆದದ್ದು ತಾನೂ ಕೊಡಬಲ್ಲುದು.

ಇದಕ್ಕೆ ‘ಪಾಠ’ವೆಂಬ ಉಪಮೆ ಮೇಲು. ಕಲಿಸಿದವನ ವಿದ್ಯೆ ಸವೆಯದು. ಕಲಿತವನು ನಾಳೆ ಕಲಿಸಿಯಾನು. ಇಲ್ಲಿಯ ವಿದ್ಯೆಯಾದರೋ ಹಲವು ವೇಳೆ ಔಷಧವನ್ನು ಸೋಲಿಸುವ ವಿದ್ಯೆ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್, ವ್ಯಾಂಕೊಮೈಸಿನ್ನನ್ನು ಗೆಲ್ಲುವ ಜೀನನ್ನು ಪಡೆದದ್ದು ಎಂಟರೊಕಾಕಸ್‌ನಿಂದಲೇ. ಮದುವೆಯೆಂದು ಓದಿದವನು ಆ ಗುಣ ಮಕ್ಕಳು ಮೊಮ್ಮಕ್ಕಳಿಗಷ್ಟೇ ಇಳಿಯುವುದೆಂದು ನೆಮ್ಮದಿಯಾಗಿರುತ್ತಾನೆ. ಅದು ನೆರೆಯವನಿಗೂ, ಬೇರೆ ಕುಲದವನಿಗೂ ಹಬ್ಬುವುದು ಅವನಿಗೆ ತಿಳಿಯುವುದೇ ಇಲ್ಲ. ಕಾವ್ಯದಲ್ಲಿ ಉಪಮೆ ತಪ್ಪಿದರೆ ರಸಕ್ಕೆ ಹಾನಿ. ಇಂತಹ ಬರಹದಲ್ಲಿ ತಪ್ಪಿದರೆ ರೋಗಿಗೆ ಹಾನಿ.