ವನಯುದ್ಧದಲ್ಲಿ ಊರಿನವರು ಎಲ್ಲಿ?

ಹಾಸ್ಟೆಲಿನಲ್ಲಿ ಊಟವಾದ ಮೇಲೆ ಯುದ್ಧ ಸಿನಿಮಾಗಳ ಬಗ್ಗೆ ಜಗಳ ಹತ್ತಿದರೆ ಅದು ಬಂದು ನಿಲ್ಲುವುದು 'ಸೇವಿಂಗ್ ಪ್ರೈವೇಟ್ ರಯಾನ್'ನ ಓಮಾಹಾ ಕಡಲತೀರದಲ್ಲಿ. ಯಾರಾದರೂ ಅಭಿಮಾನಕ್ಕೆ 'ಮುತ್ತಿನ ಹಾರ'ವನ್ನು ಮುಂದಿಡುತ್ತಾರೆ. ಇನ್ನೊಬ್ಬರು ಇಂಥ ಸಿನಿಮಾದಲ್ಲಿ ಟ್ಯಾಂಕ್ ತಪ್ಪು, ಸಮವಸ್ತ್ರದ ಗುಂಡಿ ತಪ್ಪು ಎನ್ನುತ್ತಾರೆ. ಒಮ್ಮೆ ನಾನು ಎ. ಎಂ. ಆರ್. ರಮೇಶರ 'ಅಟ್ಟಹಾಸ'ದ (2013) ಹೆಸರು ಹೇಳಿದೆ. ಎಲ್ಲರೂ ನಕ್ಕರು. ವೀರಪ್ಪನ್ ಕಥೆ ಕ್ರೈಂ ಸಿನಿಮಾ, ಅದು ಯುದ್ಧ ಹೇಗಾಗುತ್ತದೆ ಎಂದರು.

ಅದೇ ಸಿನಿಮಾದ ತಮಿಳು ಅವತರಣಿಕೆಯ ಹೆಸರು 'ವನಯುದ್ಧಂ'. ತಮಿಳಿನವರಿಗೆ ಯುದ್ಧವಾದದ್ದು ಕನ್ನಡದಲ್ಲಿ ಒಬ್ಬ ಮನುಷ್ಯನ ಅಟ್ಟಹಾಸವಾಯಿತು. ನಾನು ಹನೂರು ಕಡೆಯವಳು. ನಮ್ಮ ಕಡೆ ನಡೆದದ್ದಕ್ಕೆ ಯುದ್ಧವೆಂಬ ಪದ ಹೆಚ್ಚೇನೂ ಅಲ್ಲ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ, 1992ರಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ, ಅದೇ ಆಗಸ್ಟಿನಲ್ಲಿ ಮೀಣ್ಯಂ ಬಳಿ ಹೊಂಚು ಹಾಕಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಅವರನ್ನು ಕೊಂದದ್ದು, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಬಲಿಯಾದದ್ದು. ಎರಡು ರಾಜ್ಯಗಳ ಕಾರ್ಯಪಡೆಗಳು ಸಾಲದೆ ಬಿಎಸ್‌ಎಫ್ ಕೂಡ ಬಂತು. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪಾರಪಟ್ಟಿ ಬಳಿ ವೀರಪ್ಪನ್ ಸಾಯುವ ಹೊತ್ತಿಗೆ ನನ್ನ ವಯಸ್ಸಿನ ಮಕ್ಕಳು ಶಾಲೆಗೆ ಹೋಗುತ್ತಿದ್ದೆವು.

'ಅಟ್ಟಹಾಸ'ದಲ್ಲಿ ವಾಸ್ತವ ಇಲ್ಲವೆಂದು ಯಾರೂ ಹೇಳಲಾರರು. ಕಿಶೋರ್ ಅವರ ನಡಿಗೆ, ಕೂರುವ ಭಂಗಿ, ಸುಮ್ಮನೆ ನೋಡುವ ರೀತಿ ಮೀಸೆಯನ್ನೂ ಮೀರಿ ಪಾತ್ರವನ್ನು ಹಿಡಿದಿವೆ. ಘಟನೆಗಳು ದಿನಾಂಕದ ಸಮೇತ ಸಾಲಾಗಿ ಬರುತ್ತವೆ. ತೊಂದರೆ ಇರುವುದೂ ಆ ಸಾಲಿನಲ್ಲೇ. ಒಂದು ಹೊಂಚಿನಿಂದ ಇನ್ನೊಂದು ಹೊಂಚಿಗೆ, ಒಂದು ಅಪಹರಣದಿಂದ ಇನ್ನೊಂದಕ್ಕೆ ಕ್ಯಾಮೆರಾ ಓಡುತ್ತದೆ. ನಡುವಿನ ತಿಂಗಳುಗಳಲ್ಲಿ ಗೋಪಿನಾಥಂ, ಮಾರ್ಟಳ್ಳಿ, ಪೊನ್ನಾಚಿಯ ಜನ ಏನು ಮಾಡುತ್ತಿದ್ದರು? ಸಿನಿಮಾದಲ್ಲಿ ಅವರು ಮಾಹಿತಿ ಕೊಡುವುದಕ್ಕೆ ಅಥವಾ ಸಾಯುವುದಕ್ಕೆ ಮಾತ್ರ ಬರುತ್ತಾರೆ.

ರಮೇಶರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವರ 'ಸಯನೈಡ್' (2006) ನೋಡಿ. ರಾಜೀವ್ ಗಾಂಧಿ ಹಂತಕರು ಕೋಣನಕುಂಟೆಯ ಮನೆಯಲ್ಲಿ ಕಳೆದ ಕೊನೆಯ ದಿನಗಳ ಕಥೆ. ಶಿವರಾಸನ್ ಪಾತ್ರ ಎಷ್ಟೇ ಬಿಗಿಯಾಗಿದ್ದರೂ ಸಿನಿಮಾ ನಿಂತಿರುವುದು ಆ ಮನೆಯಲ್ಲಿ ಸಿಕ್ಕಿಕೊಂಡ ದಂಪತಿಯ ಮೇಲೆ. ರಂಗಾಯಣ ರಘು ಮತ್ತು ತಾರಾ ಅವರ ಮುಖದಲ್ಲಿ ಭಯ ಹೆಪ್ಪುಗಟ್ಟುವುದನ್ನು ನೋಡುತ್ತಲೇ ನಾವು ಕಾಯುತ್ತೇವೆ. ಒಂದು ಮನೆ, ಕೆಲವು ದಿನ, ಹೊರಗೆ ಹೋಗಲಾಗದ ಇಬ್ಬರು. ನನ್ನ ಮಟ್ಟಿಗೆ ಕನ್ನಡದಲ್ಲಿ ಇಂಥ ವಿಷಯದ ಅತ್ಯಂತ ನಿಜವಾದ ಸಿನಿಮಾ ಅದು. ಏಳು ವರ್ಷದ ನಂತರ ಅದೇ ನಿರ್ದೇಶಕರ ಕೈಗೆ ಅಂಥ ನೂರಾರು ಮನೆಗಳಿರುವ ಕಾಡು ಸಿಕ್ಕಿತು. ಅವರು ಒಂದು ಮನೆಯ ಒಳಗೂ ಕೂರಲಿಲ್ಲ.

ರಾಮ್ ಗೋಪಾಲ್ ವರ್ಮಾ ಅವರ 'ಕಿಲ್ಲಿಂಗ್ ವೀರಪ್ಪನ್' (2016) ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬೇಟೆಯ ಥ್ರಿಲ್ಲರ್. ಆದರೆ ರಾಜ್‌ಕುಮಾರ್ 108 ದಿನ ಯಾರ ವಶದಲ್ಲಿದ್ದರೋ ಅವನನ್ನು ಅವರ ಮಗ ಶಿವರಾಜ್‌ಕುಮಾರ್ ತೆರೆಯ ಮೇಲೆ ಬೇಟೆಯಾಡುವುದನ್ನು ಕೊಳ್ಳೇಗಾಲದ ಪ್ರೇಕ್ಷಕರು ಬರೀ ಕಥೆಯೆಂದು ನೋಡಿದ್ದಾರೆ ಎಂದು ನನಗನ್ನಿಸುವುದಿಲ್ಲ. ಚಿತ್ರಮಂದಿರದ ಆ ಶಿಳ್ಳೆಯೂ ಒಂದು ಬಗೆಯ ದಾಖಲೆಯೇ.

ಇಲ್ಲಿ 'ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್' (1966) ನೆನಪಾಗುತ್ತದೆ. ನಟರಲ್ಲಿ ಬಹುತೇಕರು ಊರಿನವರೇ. ಹೋರಾಟದ ಮುಂದಾಳಾಗಿದ್ದ ಸಾದಿ ಯಾಸೆಫ್ ತನ್ನಂಥದೇ ಪಾತ್ರ ಮಾಡಿದ್ದಾನೆ. ಆ ಸಿನಿಮಾ ಶುರುವಾಗುವುದು ಗುಂಡಿನ ಸದ್ದಿನಿಂದಲ್ಲ, ಚಿತ್ರಹಿಂಸೆಗೆ ಸೋತು ಬಾಯಿಬಿಟ್ಟ ಒಬ್ಬ ಬಡಪಾಯಿಯ ಮುಖದಿಂದ. ಸುದ್ದಿಚಿತ್ರದ ಒಂದು ತುಣುಕೂ ಇಲ್ಲದೆ ಅದು ದಾಖಲೆಯಂತೆ ಕಾಣುವುದಕ್ಕೆ ಆ ಮುಖವೂ ಕಾರಣ.

ನಮ್ಮಲ್ಲಿ ಅಂಥ ಮುಖಗಳಿಗೆ ಬರವಿಲ್ಲ. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು. ಮಲೆ ಮಹದೇಶ್ವರ ಬೆಟ್ಟದ ಶಿಬಿರದ 'ವರ್ಕ್‌ಶಾಪ್' ಎಂಬ ಕೋಣೆಯ ಬಗ್ಗೆ ಜನ ಸಾಕ್ಷಿ ಹೇಳಿದರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನಿಗದಿಯಾಯಿತು. ತಮಿಳಿನಲ್ಲಿ ಸ. ಬಾಲಮುರುಗನ್ ಇದನ್ನೇ ಸೋಲಿಗರ ಕಡೆಯಿಂದ 'ಸೋಳಗರ್ ತೊಟ್ಟಿ' ಎಂಬ ಕಾದಂಬರಿಯಾಗಿಸಿದರು. 2023ರ ನೆಟ್‌ಫ್ಲಿಕ್ಸ್ ಸರಣಿ 'ದಿ ಹಂಟ್ ಫಾರ್ ವೀರಪ್ಪನ್'ನಲ್ಲಿ ಮುತ್ತುಲಕ್ಷ್ಮಿಯೂ ಪೊಲೀಸರೂ ಹಳ್ಳಿಯವರೂ ಎದುರು ಕೂತು ಮಾತಾಡಿದರು. ಕನ್ನಡದ ಕಥಾಚಿತ್ರಗಳು ಮೀಸೆಯನ್ನು ಅಂಟಿಸಿಕೊಂಡೇ ಉಳಿದವು.

ಭಾಷೆಯದೂ ಒಂದು ಮಾತಿದೆ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಗೋಪಿನಾಥಂ, ಮಾರ್ಟಳ್ಳಿಗಳಲ್ಲಿ ಮನೆಮಾತು ತಮಿಳು, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನುಡಿ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತಮಿಳಿನಲ್ಲಿ ತಡವರಿಸಿದವನು ಏನನ್ನೋ ಮುಚ್ಚಿಡುವವನಂತೆ ಕಂಡಿರಲೂಬಹುದು. ಎಲ್ಲರೂ ಒಂದೇ ಸಿನಿಮಾ ಕನ್ನಡ ಆಡಿದಾಗ ಆ ಅಪಾಯ ತೆರೆಯಿಂದ ಅಳಿಸಿಹೋಗುತ್ತದೆ. ನನಗೆ ತಪ್ಪು ಬಂದೂಕಿಗಿಂತ ಇದು ದೊಡ್ಡ ತಪ್ಪು.

ಅದೇ ಬೆಟ್ಟದ ಮಹದೇಶ್ವರ ಕಾವ್ಯಕ್ಕೆ ಈ ಅವಸರ ಇಲ್ಲ. ದೇವರಗುಡ್ಡರು ಸಂಕಮ್ಮನ ಸಾಲು ಹಾಡುವುದನ್ನು ಕೇಳಿದವರಿಗೆ ಗೊತ್ತು. ನೀಲೇಗೌಡ ಜೇನಿಗೆ ಹೊರಟವನು ಹೆಂಡತಿಯಿಂದ ಆಣೆ ಭಾಷೆ ಕೇಳುತ್ತಾನೆ, ಅವಳು ಒಪ್ಪುವುದಿಲ್ಲ, ಅವಳಿಗೆ ಕೊಟ್ಟ ಹಿಂಸೆಯ ಹತ್ತಿರ ಹಾಡು ನಿಂತುಬಿಡುತ್ತದೆ. ಮಾದಪ್ಪನೇ ನಾಯಕನಾದರೂ ಆ ಹೊತ್ತೆಲ್ಲ ಸಂಕಮ್ಮನದು. ಮಾತು ಕೊಡು ಎಂದು ಹಿಂಸಿಸುವುದು, ಕೊಡದವಳು ಅನುಭವಿಸುವುದು ಈ ಕಾಡಿಗೆ ಹೊಸತಲ್ಲ. ಹಾಡುವುದಕ್ಕೆ ಒಂದು ಕ್ರಮವೂ ಇತ್ತು.

ಹಿಂದಿನ ವರ್ಷ ಊರಿಗೆ ಹೋದಾಗ ಸೋದರಮಾವನ ಜೊತೆ ಟಿವಿಯಲ್ಲಿ 'ಅಟ್ಟಹಾಸ' ನೋಡಿದೆ. ಯಾವ ಬಂದೂಕನ್ನೂ ಅವರು ತಪ್ಪೆನ್ನಲಿಲ್ಲ. ಮಧ್ಯೆ ಒಂದು ಸಲ ಮಾತ್ರ, "ಇದ್ರಲ್ಲಿ ಚೆಕ್‌ಪೋಸ್ಟೇ ಸರಿಯಾಗಿ ಇಲ್ವಲ್ಲ ಕನವ್ವ. ಅಕ್ಕಿ ಎಷ್ಟು ಸೇರು, ಮನೇಲಿ ಎಷ್ಟು ಬಾಯಿ ಅಂತ ಲೆಕ್ಕ ಒಪ್ಪಿಸಿ ಒಪ್ಪಿಸೇ ನಮ್ಮ ಅರ್ಧ ಹೊತ್ತು ಹೋಗದು," ಅಂದರು. ಜಾಹೀರಾತು ಬಂತು. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದವರು ಮತ್ತೆ ಬಂದು ಕೂರಲಿಲ್ಲ.